ಮೊದಲು ನಿಮ್ಮ ಬೆರಳು

ಶಂಭುಲಿಂಗಯ್ಯನವರ ಬಾಯಲ್ಲಿ ‘ಲೇ’ ಎನಿಸಿಕೊಂಡವನು ನಿಶ್ಚಿಂತೆಯಿಂದ ಮನೆಗೆ ಹೋಗಿ ಉಂಡು ಮಲಗಬಹುದು. ‘ತಾವು’ ಎನಿಸಿಕೊಂಡವನು ಮಾತ್ರ ತನ್ನ ತಕ್ಕಡಿಯನ್ನೂ ಅಂತಃಕರಣವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುವುದು ಕ್ಷೇಮ. ತಿಪಟೂರಿನ ಕೊಬ್ಬರಿ ಮಂಡಿಗಳ ಬೀದಿಯಲ್ಲಿ ಇದು ಎಲ್ಲರಿಗೂ ತಿಳಿದ ಸಂಗತಿ. ಸಿಟ್ಟು ಏರಿದಂತೆಲ್ಲ ಉಳಿದವರ ಬಾಯಲ್ಲಿ ಬಹುವಚನ ಏಕವಚನಕ್ಕೆ ಇಳಿಯುತ್ತದೆ. ಇವರಲ್ಲಿ ಏಕವಚನ ಬಹುವಚನಕ್ಕೆ ಏರುತ್ತದೆ. ಮೊದಲು ಕಿವಿಗಳು ಕೆಂಪಾಗುತ್ತವೆ, ಆಮೇಲೆ ದನಿ ತಗ್ಗುತ್ತದೆ, ಕೊನೆಗೆ ಗೌರವವಾಚಕಗಳು ಒಂದೊಂದಾಗಿ ಹೊರಬರುತ್ತವೆ. ಚೀಲದ ತಳಕ್ಕೆ ಕೌಟು ಹಿಡಿದ ಉಂಡೆಗಳನ್ನು ತುಂಬಿ, ಮೇಲೆ ಹಾಲಿನಂಥ ಕೊಬ್ಬರಿ ಹರಡಿ ತಂದಿದ್ದ ಬೆಳೆಗಾರನೊಬ್ಬನಿಗೆ ಅವರು ಕೈಮುಗಿದು, ‘ತಾವೂ ದಯಮಾಡಿಸಿ, ತಮ್ಮ ಚೀಲವನ್ನೂ ದಯಮಾಡಿಸಿ’ ಎಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೈದಿದ್ದರೇ ಚೆನ್ನಾಗಿತ್ತು ಎಂಬ ಮುಖ ಮಾಡಿಕೊಂಡು ಆತ ಹೊರಟುಹೋದ.

ಆಳು ಎತ್ತರ, ಮೈ ಕೃಶ. ನಡೆಯುವಾಗ ದೇಹಕ್ಕಿಂತ ಒಂದು ಗೇಣು ಮುಂದೆಯೇ ತಲೆ ಹೋಗುತ್ತಿರುತ್ತದೆ. ಹಿಂದಿನಿಂದ ನೋಡಿದವರಿಗೆ, ಮೋಸ ಮಾಡಿ ಓಡಿದವನನ್ನು ಹಿಡಿಯಲು ಹೊರಟವರಂತೆ ಕಾಣುತ್ತಾರೆ. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಅದರ ಮೇಲೆ ಬಿಳಿಯ ಅಂಗಿ, ಎಲ್ಲದರ ಮೇಲೆ ಬೇಸಿಗೆಯ ಬಿಸಿಲಿನಲ್ಲೂ ಕಳಚದ ಕಂದುಬಣ್ಣದ ಕೋಟು. ಆ ಕೋಟನ್ನು ಹೊಲಿದವರು ಬಸ್ ನಿಲ್ದಾಣದ ಹಿಂದಿನ ದರ್ಜಿ ರಹಮತುಲ್ಲಾ. ಮೊಣಕೈ ಹರಿದಾಗಲೆಲ್ಲ ತೇಪೆ ಹಾಕುತ್ತ, ‘ಹೊಸದು ಹೊಲಿಸ್ಕೊಳ್ಳಿ ಸಾವ್ಕಾರ್ರೇ’ ಎಂದು ಹೇಳಿ ಹೇಳಿ ಸೋತವರು. ಎಡ ಮುಂಗೈ ಮೇಲೊಂದು ಟವಲು. ಅದರ ಮರೆಯಲ್ಲಿ ಬಲಗೈಯ ಬೆರಳುಗಳು ಮಡಚುತ್ತ ಬಿಚ್ಚುತ್ತ ಸದಾ ಏನೋ ವ್ಯಾಪಾರದಲ್ಲಿ ತೊಡಗಿರುತ್ತವೆ.

ಆ ಬೆರಳಾಟಕ್ಕೆ ಹಿನ್ನೆಲೆಯಿದೆ. ಈಗ ಕೊಬ್ಬರಿಯ ದರ ಕಂಪ್ಯೂಟರಿನಲ್ಲಿ ಗೊತ್ತಾಗುತ್ತದೆ. ಶಂಭುಲಿಂಗಯ್ಯನವರು ತಂದೆಯ ಪಕ್ಕದಲ್ಲಿ ಕೂತು ದಲ್ಲಾಳಿ ಕೆಲಸ ಕಲಿತ ಕಾಲದಲ್ಲಿ ಅದು ಟವಲಿನ ಕೆಳಗೆ, ಕೈಗೆ ಕೈ ಕೊಟ್ಟು, ಬೆರಳು ಒತ್ತಿ ಇತ್ಯರ್ಥವಾಗುತ್ತಿತ್ತು. ಮಾರುವವನು ತನ್ನ ದರವನ್ನು ಬೆರಳಿನಲ್ಲಿ ತಿಳಿಸಿದ ಕೂಡಲೇ ಕೊಳ್ಳುವವನು ತನ್ನ ದರ ಒತ್ತುವಂತಿರಲಿಲ್ಲ; ಆತ ಒತ್ತಿದ ಬೆರಳುಗಳನ್ನೇ ಆತನ ಕೈಗೆ ಮರಳಿ ಒತ್ತಬೇಕು, ಆತ ‘ಹೂಂ’ ಅನ್ನಬೇಕು, ಅನಂತರವೇ ಇವನ ಬೆರಳು. ಅವರ ತಂದೆಯ ಮಂಡಿಯಲ್ಲಂತೂ ಇದು ತಪ್ಪಿಸಬಾರದ ಕಟ್ಟಳೆಯಾಗಿತ್ತು. ನಿನ್ನ ದರ ನನಗೆ ತಿಳಿಯಿತು ಎಂದಷ್ಟೇ ಆ ಮರಳಿಸುವಿಕೆಯ ಅರ್ಥ, ನಿನ್ನ ದರಕ್ಕೆ ಒಪ್ಪಿದೆ ಎಂದಲ್ಲ. ಈ ವ್ಯತ್ಯಾಸ ಅಂದು ಹೆಬ್ಬೆಟ್ಟು ಒತ್ತುವವರಿಗೂ ತಿಳಿದಿತ್ತು. ಇಂದು ಅಂಗೈಯಲ್ಲಿ ಜಗತ್ತನ್ನೇ ಹಿಡಿದು ತಿರುಗುವವರಿಗೆ ತಿಳಿಯದೆ ಹೋಯಿತಲ್ಲ ಎಂಬ ಹೊಟ್ಟೆಯುರಿಯಿಂದಲೇ ನಾನಿದನ್ನು ಬರೆಯುತ್ತಿದ್ದೇನೆ.

ವರ್ತಕರ ವಾಟ್ಸಾಪ್ ಗುಂಪಿಗೆ ಒಂದು ದಿನ ಎಲ್ಲಿಂದಲೋ ಒಂದು ಸಂದೇಶ ಬಂತು. ಕ್ರೈಸ್ತರ ಸತ್ಯವೇದದಿಂದ ಹಿರಿದ ಒಂದೇ ಒಂದು ಸಾಲು, ಅದರ ಕೆಳಗೆ ಉದ್ದಕ್ಕೂ ಹೀಯಾಳಿಕೆ, ಅದರ ಕೆಳಗೆ ಬಿದ್ದುಬಿದ್ದು ನಗುವ ಮುಖಗಳು. ಶಂಭುಲಿಂಗಯ್ಯನವರು ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿ ಕೇಳಿದರು: ‘ಇದರ ಹಿಂದಿನ ಸಾಲು ಏನು? ಮುಂದಿನ ಸಾಲು ಏನು?’  ಬಹಳ ಹೊತ್ತಿನ ಮೇಲೆ ಯಾರೋ ಬರೆದರು: ‘ಅದುನ್ನೆಲ್ಲ ಯಾರ್ ಓದ್ತಾರೆ ಬುಡಿ ಅಣ್ಣ.’ ಕಿವಿಗಳು ಕೆಂಪಾದವು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಕೊಳ್ಳದ ಜನ, ಕೋಟ್ಯಂತರ ಮಂದಿ ಎದೆಗೊತ್ತಿಕೊಂಡ ಗ್ರಂಥವೊಂದನ್ನು ತೆರೆದೂ ನೋಡದೆ ಕಸಕ್ಕೆ ಎಸೆಯುತ್ತಾರಲ್ಲ ಎಂದು ಅವರು ಆ ದಿನವೆಲ್ಲ ಗೊಣಗಿದರು. ಅವರಿಗೆ ಕ್ರಿಸ್ತನ ಮೇಲೆ ಭಕ್ತಿಯೇನೂ ಹುಟ್ಟಿರಲಿಲ್ಲ. ಸುಳ್ಳು ತೂಕದ ಮೇಲೆ ದ್ವೇಷ ಮಾತ್ರ ಮೊದಲಿನಿಂದಲೂ ಇತ್ತು.

ಅಮ್ಮಸಂದ್ರದ ಸುನಂದಮ್ಮ ಅವರ ಮಂಡಿಗೆ ಕೊಬ್ಬರಿ ಹಾಕುತ್ತಿದ್ದ ಹೆಂಗಸು. ಗಂಡ ಸಿಮೆಂಟು ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡವರು. ಇರುವ ಸಣ್ಣ ತೋಟವನ್ನು ತಾವೇ ನೋಡಿಕೊಂಡು, ಭಾನುವಾರ ಬೆಳಿಗ್ಗೆ ತಮ್ಮ ಪುಟ್ಟ ಚರ್ಚಿನಲ್ಲಿ ಮಕ್ಕಳಿಗೆ ಸತ್ಯವೇದದ ಪಾಠ ಹೇಳುವವರು. ಮುಂದಿನ ಸಲ ಅವರು ಚೀಲ ಇಳಿಸಿದಾಗ ಶಂಭುಲಿಂಗಯ್ಯನವರು, ‘ನಿಮ್ ಪುಸ್ತಕ ಒಂದು ತಂದ್ಕೊಡ್ರಮ್ಮ, ಓದ್ಬೇಕು’ ಅಂದರು.

ಸುನಂದಮ್ಮ ತಕ್ಷಣ ಹಿಗ್ಗಲಿಲ್ಲ. ‘ಓದೋಕಾದ್ರೆ ತರ್ತೀನಿ. ಬಯ್ಯೋಕಾದ್ರೆ ತರಲ್ಲ.’

‘ಓದಿ ಆಮೇಲೆ ಬೈದ್ರೆ?’

‘ಓದಿ ಬಯ್ಯೋರು ಇನ್ನೂ ಸಿಕ್ಕಿಲ್ಲ ನಂಗೆ. ಸಿಕ್ಕಿದ್ರೆ ನಾನೂ ಉತ್ತರ ಕೊಡ್ತೀನಿ.’

ಅಂಥ ಉತ್ತರ ಶಂಭುಲಿಂಗಯ್ಯನವರಿಗೆ ಬಲು ಹಿಡಿಸಿತು. ಪುಸ್ತಕ ಬಂತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಗಲ್ಲದ ಮೇಲೆ ಕೈಯಿಟ್ಟು ಓದುವುದು, ಅರ್ಥವಾಗದೆಡೆ ತುರುವೇಕೆರೆ ರಸ್ತೆಯವರೆಗೂ ಕೇಳುವ ದನಿಯಲ್ಲಿ ಸುನಂದಮ್ಮನಿಗೆ ಫೋನು ಮಾಡುವುದು ಶುರುವಾಯಿತು. ತೇಪೆ ಹಾಕಿದ ಕೋಟು ಕೊಡಲು ಬಂದ ರಹಮತುಲ್ಲಾ ಒಮ್ಮೆ ಈ ಸಂಭಾಷಣೆ ಕೇಳಿ, ‘ಈ ಪೈಗಂಬರರ ಹೆಸರೆಲ್ಲ ನಮ್ಮಲ್ಲೂ ಬರ್ತಾವಲ್ಲ, ನಾನೂ ಕೇಳ್ಬೋದಾ?’ ಎಂದು ಸ್ಟೂಲು ಎಳೆದುಕೊಂಡರು. ಫೋನಿನಲ್ಲಿ ಮೂವರು ಮಾತಾಡುವುದು ಕಷ್ಟವಾದಾಗ ಭಾನುವಾರ ಸಂಜೆಯ ವಿಡಿಯೋ ಓದು ಹುಟ್ಟಿಕೊಂಡಿತು. ಅದಕ್ಕೆ ಶಂಭುಲಿಂಗಯ್ಯನವರು ತಾವೇ ಬರೆದು, ತಮಗೆ ಗೊತ್ತಿದ್ದ ಗುಂಪುಗಳಿಗೆಲ್ಲ ಕಳಿಸಿದ ಕರೆ ಹೀಗಿತ್ತು: ‘ಕ್ರೈಸ್ತರ ಸತ್ಯವೇದ ಓದುತ್ತಿದ್ದೇವೆ. ನಂಬುವವರೂ ಬನ್ನಿ, ನಂಬದವರೂ ಬನ್ನಿ. ಯಾರನ್ನೂ ಎಲ್ಲಿಗೂ ಸೇರಿಸುವುದಿಲ್ಲ, ಎಲ್ಲಿಂದಲೂ ಬಿಡಿಸುವುದಿಲ್ಲ. ಎದುರಿನವರ ಮಾತನ್ನು ಅವರು ಹೂಂ ಅನ್ನುವ ಹಾಗೆ ಹೇಳಿ ತೋರಿಸಿದ ಮೇಲೆ ನಿಮ್ಮ ಮಾತು. ಬಯ್ಯಲೇಬೇಕು ಅನಿಸಿದರೆ ನನಗೆ ಬೇರೆ ಫೋನ್ ಮಾಡಿ ಬಯ್ಯಿರಿ.’

ಆ ಕರೆಯನ್ನು ನೋಡಿ ನಾನೂ ಸೇರಿಕೊಂಡೆ. ಬೀದಿಯಲ್ಲೇ ಅತ್ಯಂತ ಸಿಟ್ಟಿನ ಮನುಷ್ಯ ಸಭ್ಯ ಸಂವಾದಕ್ಕೆ ಆಹ್ವಾನ ಕೊಟ್ಟಿದ್ದಾನೆಂದರೆ ನೋಡಲೇಬೇಕಾದ ತಮಾಷೆ ಎಂಬುದೇ ನನ್ನ ಲೆಕ್ಕಾಚಾರವಾಗಿತ್ತು. ತಮಾಷೆ ಸಿಕ್ಕಿತು, ಆದರೆ ನಾನು ನಿರೀಕ್ಷಿಸಿದ್ದಲ್ಲ. ದ್ರಾಕ್ಷಿತೋಟದ ಯಜಮಾನನೊಬ್ಬ ಬೆಳಿಗ್ಗೆ ಬಂದ ಕೂಲಿಗೂ ಸಂಜೆ ಬಂದ ಕೂಲಿಗೂ ಸಮನಾಗಿ ಕೊಟ್ಟ ಕಥೆಯನ್ನು ಸುನಂದಮ್ಮ ಓದಿದ ದಿನ, ಶಂಭುಲಿಂಗಯ್ಯನವರು ಪರದೆಯೊಳಗಿಂದ ಎದ್ದು ಬರುವಂತೆ ಕಂಡರು.

‘ಇದ್ಯಾವ ನ್ಯಾಯ ಕಣ್ರೀ? ನಮ್ ಕಡೆ ಹಿಂಗ್ ಮಾಡಿದ್ರೆ ನಾಳೆಯಿಂದ ಕಾಯಿ ಸುಲಿಯೋಕೆ ಎಲ್ರೂ ಸಂಜೇಗೇ ಬತ್ತಾರೆ. ಬೆಳಗ್ಗೆಯಿಂದ ಬಿಸ್ಲಲ್ಲಿ ಬೆಂದೋನ್ಗೆ ಏನ್ ಬೆಲೆ?’

ಸುನಂದಮ್ಮ ನಿಯಮ ತಪ್ಪಲಿಲ್ಲ. ‘ನೀವು ಹೇಳೋದು, ದುಡಿದೋನಿಗೂ ದುಡೀದೋನಿಗೂ ಒಂದೇ ಅಂದ್ರೆ ದುಡಿದೋನಿಗೆ ಅವಮಾನ ಆಗುತ್ತೆ, ನಾಳೆ ಯಾರೂ ದುಡಿಯಲ್ಲ ಅಂತ. ಸರಿಯಾ?’

‘ಹೂಂ.’

‘ಈಗ ನಾನು ಹೇಳ್ತೀನಿ. ಬೆಳಗ್ಗೆಯಿಂದ ಯಾರೂ ಕರೀದೆ ಸರ್ಕಲ್‌ನಲ್ಲಿ ನಿಂತಿದ್ದೋನ ಮನೇಲಿ, ಸಂಜೆ ಮಕ್ಕಳ ಹಸಿವು ಅರ್ಧ ಆಗಿರುತ್ತಾ?’

ಶಂಭುಲಿಂಗಯ್ಯನವರು, ‘ನಾನ್ ಒಪ್ಪಲ್ಲ’ ಅಂದರು. ಟವಲಿನ ಕೆಳಗೆ ಒಂದು ಬೆರಳು ಮಡಚಿ, ‘ಆದ್ರೆ ಹಸಿವಿನ ಮಾತು ಸರಿ. ಅದು ನಂಗ್ ಹೊಳೀಲಿಲ್ಲ’ ಅಂದರು. ರಹಮತುಲ್ಲಾ ಪರದೆಯ ಮೇಲಿನ ತಮ್ಮ ಚೌಕದೊಳಗೆ ಮೆಲ್ಲಗೆ ತಲೆಯಾಡಿಸುತ್ತಿದ್ದರು. ಅರವತ್ತು ದಾಟಿದ ದಲ್ಲಾಳಿಯೊಬ್ಬ, ನನಗೆ ಹೊಳೆಯಲಿಲ್ಲ ಎಂದು ನಾಲ್ಕು ಜನರೆದುರು ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಎಲ್ಲಿಯೂ ಕೇಳಿರಲಿಲ್ಲ.

ಹೀಗೆ ಸಾಗಿದ್ದ ಓದಿಗೆ ಕಂಟಕ ಬಂದದ್ದು ಅವರ ನಿಯಮದ ಮೂಲಕವೇ. ಒಂದು ಸಂಜೆ ಮಾತು ಸುನಂದಮ್ಮನ ವಿಶ್ವಾಸದ ನಡುಮನೆಗೇ ಬಂತು: ಶಿಲುಬೆಯ ಮೇಲಿನ ಸಾವು ಅವರಿಗೆ ಏನು? ಅವರು ಹೇಳಿದರು. ಈಗ ಅದನ್ನು ಮರಳಿಸುವ ಸರದಿ ಶಂಭುಲಿಂಗಯ್ಯನವರದು. ಅವರು ಕಣ್ಣು ಮುಚ್ಚಿ, ಟವಲಿನ ಕೆಳಗೆ ಬೆರಳು ಮಡಚುತ್ತ, ಆಕೆಯ ಸ್ಥಾನದಲ್ಲೇ ನಿಂತು ನುಡಿದರು: ‘ಯೇಸು ಸತ್ತಿದ್ದು ನನಗೋಸ್ಕರ. ನಾನು ಹೊರಬೇಕಾದ ಹೊರೆ ಅವನು ಹೊತ್ತ. ಅವನೇ ನನ್ನ ಒಡೆಯ. ಅವನನ್ನ ಬಿಟ್ರೆ ನನಗೆ ಬೇರೆ ದಿಕ್ಕಿಲ್ಲ.’ ಸುನಂದಮ್ಮನ ಕಣ್ಣು ತುಂಬಿತು. ‘ಹೂಂ, ಇದೇ ನನ್ನ ಮಾತು’ ಅಂದರು. ಆಮೇಲೆ ಶಂಭುಲಿಂಗಯ್ಯನವರು ಕಣ್ಣು ತೆರೆದು, ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರುವುದನ್ನು ತಾವು ಏಕೆ ಒಪ್ಪುವುದಿಲ್ಲ, ತಮ್ಮ ಅಂಗೈಯ ಲಿಂಗ ತಮಗೆ ಏನು ಎಂಬುದನ್ನು ಬಹಳ ಹೊತ್ತು ವಿವರಿಸಿದರು. ಅದನ್ನು ಸುನಂದಮ್ಮ ಮರಳಿಸಿದರು. ನನ್ನ ಪಾಲಿಗೆ ಅದು ಆ ಗುಂಪಿನ ಅತ್ಯಂತ ಸುಂದರವಾದ ಸಂಜೆ.

ಗೊಬ್ಬರದ ಅಂಗಡಿಯ ಗಂಗರಾಜು ಆ ಸಂಜೆ ಮುಖ ತೋರಿಸದೆ, ತುಟಿ ಪಿಟಕ್ಕೆನ್ನದೆ ಒಳಗೆ ಕೂತು ಎಲ್ಲವನ್ನೂ ರೆಕಾರ್ಡು ಮಾಡಿಕೊಂಡಿದ್ದ. ಅದರಲ್ಲಿ ಆತ ಇಟ್ಟುಕೊಂಡದ್ದು ಆ ನಾಲ್ಕು ವಾಕ್ಯ, ಕತ್ತರಿಸಿ ಬಿಸಾಕಿದ್ದು ಉಳಿದ ಎಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ವಿಭೂತಿ ಧರಿಸಿದ ಶಂಭುಲಿಂಗಯ್ಯನವರು ಯೇಸುವೇ ತನ್ನ ಒಡೆಯನೆಂದು ಕಣ್ಣು ಮುಚ್ಚಿ ನುಡಿಯುವ ದೃಶ್ಯ ಬಿಳಿಗೆರೆಯಿಂದ ಚಿಕ್ಕನಾಯಕನಹಳ್ಳಿಯವರೆಗೂ ಕೈಯಿಂದ ಕೈಗೆ ಹರಿಯಿತು. ಕೆಳಗೆ ಬರೆದಿತ್ತು: ‘ತಿಪಟೂರಿನ ದಲ್ಲಾಳಿ ಮತ ಬಿಟ್ಟ. ಬಲೆ ಬೀಸಿದವಳು ಅಮ್ಮಸಂದ್ರದ ಹೆಂಗಸು.’

ಪೂರ್ತಿ ಕೇಳಿದವರು ಒಬ್ಬರೂ ಇರಲಿಲ್ಲ. ತೀರ್ಪು ಕೊಡದವರೂ ಒಬ್ಬರೂ ಇರಲಿಲ್ಲ. ನನಗೆ ರೋಷ ಬಂದದ್ದು ಗಂಗರಾಜುವಿನ ಮೇಲೆ ಮಾತ್ರವಲ್ಲ. ಯಾವುದೋ ಊರಿನ ಕ್ರೈಸ್ತ ಬೋಧಕನೊಬ್ಬ ಅದೇ ತುಣುಕನ್ನು ನೋಡಿ ಶಂಭುಲಿಂಗಯ್ಯನವರಿಗೆ ಫೋನು ಹಚ್ಚಿ, ‘ಸ್ತೋತ್ರ ಬ್ರದರ್! ದೀಕ್ಷಾಸ್ನಾನ ಯಾವಾಗ?’ ಎಂದು ಕೇಳಿದ. ‘ತಾವು ಪೂರ್ತಿ ಕೇಳಿದ್ರಾ ಸ್ವಾಮಿ?’ ಎಂದು ಇವರು ಕೇಳಿದರೆ, ‘ಅಷ್ಟು ಸಾಕು ಬ್ರದರ್’ ಅಂದನಂತೆ. ಸುನಂದಮ್ಮನ ಚರ್ಚಿನ ಸಭೆಯ ಹಿರಿಯರಾದರೂ ಆಕೆಯ ಬೆನ್ನಿಗೆ ನಿಂತರೇ? ಪ್ರಶ್ನೆ ಕೇಳುವವರ ಜೊತೆ ದೇವರ ವಾಕ್ಯ ಓದಲು ಹೋದದ್ದೇ ತಪ್ಪು, ಇನ್ನು ಆ ಗುಂಪಿನ ಕಡೆ ತಲೆ ಹಾಕಬೇಡ ಎಂದು ಆಕೆಗೇ ಬುದ್ಧಿ ಹೇಳಿದರು. ಹೊಡೆಯುವವರಿಗೂ ಅಪ್ಪಿಕೊಳ್ಳುವವರಿಗೂ ಬೇಕಾಗಿದ್ದದ್ದು ಅದೇ ಹರಕು ತುಂಡು.

ಆ ವಾರವೇ ಒಂದು ಬೆಳಿಗ್ಗೆ ಬೀದಿಯ ವರ್ತಕರು ಏಳೆಂಟು ಜನ ಶಂಭುಲಿಂಗಯ್ಯನವರ ಮಂಡಿಯ ಜಗುಲಿಗೆ ಬಂದರು. ಮುಂದೆ ನಿಂತವರು ಶ್ರೀರಂಗಯ್ಯ, ಇವರ ಓರಗೆಯವರು, ವಯಸ್ಸಿಗೆ ಬಂದಂದಿನಿಂದ ಮಧ್ಯಾಹ್ನದ ಕಾಫಿಯನ್ನು ಇದೇ ಜಗುಲಿಯಲ್ಲಿ ಕುಡಿದವರು. ಪಕ್ಕದಲ್ಲಿ ಫೋನು ಹಿಡಿದ ಗಂಗರಾಜು.

‘ಒಂದೇ ಮಾತು ಕಣ್ಲಾ ಶಂಭು’ ಅಂದರು ಶ್ರೀರಂಗಯ್ಯ. ‘ಆಯಮ್ಮ ಆಸೆ ತೋರ್ಸಿ ನನ್ ಕೈಲಿ ಹಂಗ್ ಹೇಳ್ಸಿದ್ಲು ಅಂತ ಈ ಫೋನ್ ಮುಂದೆ ಅಂದ್ಬುಡು. ನಿನ್ ಮಾನ ಉಳೀತದೆ, ಮಂಡೀನೂ ಉಳೀತದೆ. ಮಿಕ್ಕಿದ್ದು ಇವ್ರು ನೋಡ್ಕತ್ತಾರೆ.’

ಮಿಕ್ಕಿದ್ದೇನೆಂಬುದು ಎಲ್ಲರಿಗೂ ಗೊತ್ತಿತ್ತು. ಸುನಂದಮ್ಮನ ಮೇಲೆ ಮತಾಂತರದ ದೂರು ಕೊಡಲು ಎಲ್ಲ ಸಿದ್ಧವಾಗಿತ್ತು. ಬಲೆಗೆ ಬಿದ್ದವನ ಬಾಯಿಮಾತು ಒಂದೇ ಕೊರತೆ. ಅದು ಸಿಕ್ಕಿದರೆ ಒಂಟಿ ಹೆಂಗಸು ಠಾಣೆಯ ಮೆಟ್ಟಿಲಲ್ಲಿ ನಿಲ್ಲಬೇಕು, ಸಿಗದಿದ್ದರೆ ಬೆಳೆಗಾರರು ಇವರ ಮಂಡಿಗೆ ಬೆನ್ನು ತಿರುಗಿಸಬೇಕು. ಆಯ್ಕೆಯನ್ನು ಅಷ್ಟು ನುಣ್ಣಗೆ ಮಾಡಿ, ಸ್ನೇಹದ ಎಲೆಯ ಮೇಲಿಟ್ಟು ತಂದಿದ್ದರು.

ಶಂಭುಲಿಂಗಯ್ಯನವರು ಸಿಟ್ಟಾಗಲಿಲ್ಲ. ‘ಬಾ ಗಂಗರಾಜು, ಕೂತ್ಕ. ಫೋನ್ ಆನ್ ಮಾಡು. ಮೊದ್ಲು ನಿನ್ ಮಾತ ನಾನ್ ಹೇಳ್ತೀನಿ, ಸರಿ ಇದ್ಯಾ ನೋಡು’ ಎಂದು ಕಣ್ಣು ಮುಚ್ಚಿದರು. ‘ನಮ್ ದೇವ್ರು, ನಮ್ ಹಬ್ಬ, ನಮ್ ಮಠ, ನಮ್ಮಪ್ಪ ಅಮ್ಮ ಕಾಪಾಡ್ಕಂಡ್ ಬಂದಿದ್ದು. ಹೊರಗಿನೋರು ಮೆತ್ತಗೆ ಮಾತಾಡ್ಕಂಡು ಒಳಕ್ ಬತ್ತಾರೆ. ಇವತ್ತು ಪುಸ್ತಕ ಓದ್ತೀವಿ ಅಂತಾರೆ. ನಾಳೆ ನಮ್ ಮನೆ ಮಕ್ಳೇ ನಮ್ ದೇವರ ಮನೆಗೆ ಕಾಲಿಡಲ್ಲ. ನೀನ್ ಇದ್ದೂ ಯಾಕ್ ಸುಮ್ನಿದ್ದೆ ಅಂತ ನಾಳೆ ನನ್ನೇ ಕೇಳ್ತಾರೆ. ಅದುಕ್ಕೆ ನಾನು ಬಿಡಲ್ಲ.’ ಕಣ್ಣು ತೆರೆದರು. ‘ಇಷ್ಟೇನಾ? ಏನಾದ್ರೂ ಬಿಟ್ನಾ?’

ಗಂಗರಾಜು ಬೆಪ್ಪಾದ. ತನ್ನ ಭಯವನ್ನು ಅಷ್ಟು ನೆಟ್ಟಗೆ ಆತನೂ ಎಂದೂ ಹೇಳಿಕೊಂಡಿರಲಿಲ್ಲ. ‘ಇಲ್ಲ... ಹೂಂ. ಅದೇಯ. ಸರಿಯಾಗ್ ಹೇಳಿದ್ರಿ’ ಅಂದ.

‘ಹಂಗಾರೆ ಈಗ ಇದನ್ನೂ ಕತ್ತರ್ಸು. ಶಂಭುಲಿಂಗಯ್ಯ ಗಂಗರಾಜು ಪಕ್ಷ ಸೇರ್ದ ಅಂತ ಊರಿಗೆಲ್ಲ ಹಾಕು. ನನ್ ಬಾಯಲ್ಲೇ ಬಂತಲ್ಲ, ನೀನೇ ಹೂಂ ಅಂದ್ಯಲ್ಲ. ಹಾಕ್ತೀಯಾ?’

 ಆಗ ಶಂಭುಲಿಂಗಯ್ಯನವರ ಕಿವಿಗಳು ಕೆಂಪೇರಿದವು, ದನಿ ತಗ್ಗಿತು. ‘ತಮ್ಮ ಮಾತು ಆಡಿದ್ದಕ್ಕೆ ನಾನು ತಾವಾಗಲಿಲ್ಲ. ಆ ತಾಯಿಯ ಮಾತು ಆಡಿದ್ದಕ್ಕೆ ನಾನು ಅವರ ಮತಕ್ಕೆ ಹೋಗಲಿಲ್ಲ. ಅವರು ನನ್ನಿಂದ ಏನೂ ಹೇಳಿಸಲಿಲ್ಲ. ನಾನೇ ಕೇಳಿದೆ, ನಾನೇ ಹೇಳಿದೆ, ಒಪ್ಪಲ್ಲ ಅಂತ ಅವರ ಮುಖಕ್ಕೇ ಹೇಳಿದೆ. ತಾವು ಅದನ್ನ ಕತ್ತರಿಸಿ ಬಿಸಾಡಿದಿರಿ. ಈಗ ನನ್ನ ನಾಲಿಗೇನ ಅವರ ಕುತ್ತಿಗೆಗೆ ಹಗ್ಗ ಮಾಡೋಕೆ ಎಲ್ಲರೂ ಒಟ್ಟಾಗಿ ದಯಮಾಡಿಸಿದ್ದೀರಿ.’ ಶ್ರೀರಂಗಯ್ಯನವರ ಕಡೆ ತಿರುಗಿದರು. ಚಿಕ್ಕಂದಿನಿಂದ ‘ರಂಗ’ ಎಂದೇ ಕರೆದ ಆ ಗೆಳೆಯನಿ​ಗೆ ಕೈಮುಗಿದು ಅಂದರು: ‘ಶ್ರೀರಂಗಯ್ಯನವರೇ, ತಾವೂ ಬಂದಿರಿ.’

ಅವರು ಗೆದ್ದರೆಂದು ಬರೆಯಲು ನನಗೂ ಆಸೆ. ಆದರೆ ಜಗುಲಿಯ ಮೇಲೆ ಆಡಿದ ಮಾತನ್ನು ಗಂಗರಾಜು ಎಲ್ಲಿಯೂ ಹಾಕಲಿಲ್ಲ. ಹಳೆಯ ತುಣುಕು ಈಗಲೂ ತಿರುಗುತ್ತಿದೆ. ಬೆಳೆಗಾರರು ಹಲವರು ಬೇರೆ ಮಂಡಿ ಹಿಡಿದರು. ಶ್ರೀರಂಗಯ್ಯ ಕಾಫಿಗೆ ಬರುವುದನ್ನು ನಿಲ್ಲಿಸಿದರು, ಎದುರಾದರೆ ಅಂಗಡಿಯೊಳಕ್ಕೆ ಸರಿಯುತ್ತಾರೆ. ಸಾಕ್ಷಿಯಿಲ್ಲದೆ ದೂರು ಮಾತ್ರ ಅಲ್ಲಿಗೇ ನಿಂತಿತು. ಸುನಂದಮ್ಮ ಠಾಣೆಯ ಮೆಟ್ಟಿಲು ಹತ್ತಲಿಲ್ಲ. ಗಂಗರಾಜುವನ್ನು ಓದಿನ ಗುಂಪಿನಿಂದ ತೆಗೆದುಹಾಕಿ ಎಂದು ನಾನು ಒತ್ತಾಯಿಸಿದಾಗ ಶಂಭುಲಿಂಗಯ್ಯನವರು ನನಗೇ, ‘ತಾವು ಸುಮ್ಮನಿರಿ’ ಅಂದರು. 

ಜಗುಲಿಯ ಮಾತಾದ ಮುಂದಿನ ಭಾನುವಾರ ಪರದೆಯ ಮೇಲೆ ಅವರು, ರಹಮತುಲ್ಲಾ, ನಾನು, ಮೂರೇ ಚೌಕ. ಸಭೆಯ ಹಿರಿಯರು ತಡೆದಿರುವಾಗ ಸುನಂದಮ್ಮ ಬರುವುದಿಲ್ಲವೆಂದು ನಾವು ಮೂವರೂ ಬಲ್ಲೆವು. ಆದರೂ ಯಾರೂ ಓದು ಶುರುಮಾಡೋಣವೆನ್ನಲಿಲ್ಲ. ಸ್ವಲ್ಪ ಹೊತ್ತಿಗೆ ನಾಲ್ಕನೆಯ ಚೌಕ ತೆರೆದುಕೊಂಡಿತು. ಆಕೆ ಪುಸ್ತಕ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು.

‘ಒಂದ್ ಮಾತು ಹೇಳ್ಬಿಡ್ತೀನಿ ಸರ್’ ಅಂದರು. ‘ನೀವು ನಮ್ಮ ಸ್ವಾಮಿಯನ್ನ ನಂಬಬೇಕು ಅಂತ ನಾನು ದಿನಾ ಪ್ರಾರ್ಥನೆ ಮಾಡ್ತೀನಿ. ನಿಮ್ಮವರ ಭಯ ಪೂರ್ತಿ ಸುಳ್ಳಲ್ಲ. ಅದನ್ನ ಮುಚ್ಚಿಟ್ಟು ನಿಮ್ಮ ಎದುರು ಕೂರೋಕೆ ನನಗಾಗಲ್ಲ.’

‘ಮಾಡ್ಕಳಿ ತಾಯಿ’ ಅಂದರು ಶಂಭುಲಿಂಗಯ್ಯ. ‘ನಾನಂತೂ ಬರಲ್ಲ. ಹೂಂ, ಓದಿ.’

ಆಕೆ ಓದಿದರು.

ಗೌರವವೆಂದರೆ ಮೆಲುದನಿಯೆಂದೂ ನಸುನಗೆಯೆಂದೂ, ಎಲ್ಲ ಒಂದೇ ಬಿಡಿ ಎಂದು ಕೈ ಕೊಡವಿ ಎದ್ದು ಹೋಗುವ ಔದಾರ್ಯವೆಂದೂ ನಾವು ನಂಬಿಕೊಂಡಿದ್ದೇವೆ. ಅದು ಸೋಮಾರಿಗಳ ಗೌರವ; ಅದಕ್ಕೆ ಏನನ್ನೂ ಓದಬೇಕಾಗಿಲ್ಲ, ಯಾರನ್ನೂ ಕೇಳಿಸಿಕೊಳ್ಳಬೇಕಾಗಿಲ್ಲ, ಯಾವ ಸ್ನೇಹವನ್ನೂ ಕಳೆದುಕೊಳ್ಳಬೇಕಾಗಿಲ್ಲ. ಶಂಭುಲಿಂಗಯ್ಯನವರಂಥ ಜನ ಬೇರೆ. ಅವರು ಒರಟರು, ಹಟಮಾರಿಗಳು, ಒಪ್ಪದ್ದನ್ನು ಒಪ್ಪಿದೆನೆಂದು ಬಾಯಿಮಾತಿಗೂ ಹೇಳರು. ಎರಡು ಪಂಗಡಗಳೂ ಅವರನ್ನು ಎದುರಿನ ಪಂಗಡದವರೆಂದೇ ಎಣಿಸುತ್ತವೆ, ಎರಡೂ ಕಡೆಯಿಂದ ಏಟು ಬೀಳುತ್ತದೆ. ತಮ್ಮ ಮಾತನ್ನು ಯಾರಾದರೂ ಕೆಡಿಸಿದರೆ ಅವರು ಗೊಣಗಿ ಸುಮ್ಮನಾಗುತ್ತಾರೆ; ತಾವು ಒಪ್ಪದವರ ಮಾತನ್ನು ಕೆಡಿಸಿದರೆ ಮಾತ್ರ ಅವರ ಕಿವಿ ಕೆಂಪಾಗುತ್ತದೆ.